ಓಟದ ಬೆವರು, ದೇಣಿಗೆಯ ಲೆಕ್ಕ

ಶಿವರಾತ್ರಿ ಹತ್ತಿರವಾದಂತೆ ಮೂಡಿಗೆರೆ, ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ನಡೆದು ಹೋಗುವ ಪಾದಯಾತ್ರಿಗಳಿಗೆ ಊರೂರಿನವರು ಮಜ್ಜಿಗೆ, ಪಾನಕ, ಊಟ ಕೊಟ್ಟು ಉಪಚರಿಸುತ್ತಾರೆ. ನಡೆಯುವವರು ಕೇಳುವುದಿಲ್ಲ, ಕೊಡುವವರು ಲೆಕ್ಕ ಇಡುವುದಿಲ್ಲ. ದೇಹ ದಂಡನೆಗೂ ದಾನಕ್ಕೂ ಇಷ್ಟು ಹಳೆಯ ನಂಟಿರುವ ಚಿಕ್ಕಮಗಳೂರು ಜಿಲ್ಲೆಯಲ್ಲಿ ಈಗ ಮ್ಯಾರಥಾನ್, ಸೈಕಲ್ ಸವಾರಿಗಳ ಮೂಲಕವೂ ಸತ್ಕಾರ್ಯಕ್ಕೆ ಹಣ ಕೂಡಿಸಲಾಗುತ್ತಿದೆಯಾದರೂ, ಈ ಪದ್ಧತಿ ಬಂದಿರುವುದು ಬೇರೆ ದಾರಿಯಿಂದ.

1960ರ ದಶಕದಲ್ಲಿ ಬ್ರಿಟನ್ ಮತ್ತು ಉತ್ತರ ಅಮೆರಿಕದಲ್ಲಿ ಬಳಕೆಗೆ ಬಂದ ಪ್ರಾಯೋಜಿತ ನಡಿಗೆಗಳಲ್ಲಿ, ನಡೆಯುವವರು ಮೊದಲೇ ನೆರೆಹೊರೆಯವರ ಬಳಿ ಹೋಗಿ, ಮೈಲಿಗೆ ಇಷ್ಟು ಕೊಡುತ್ತೇವೆಂದು ಹಾಳೆಯ ಮೇಲೆ ಬರೆಸಿಕೊಳ್ಳುತ್ತಿದ್ದರು. ಈ ಕ್ರಮಕ್ಕೆ ಜಗತ್ತಿನ ಗಮನ ಸೆಳೆದವನು ಕೆನಡಾದ ಟೆರ್‍ರಿ ಫಾಕ್ಸ್. ಮೂಳೆ ಕ್ಯಾನ್ಸರ್‌ನಿಂದ 1977ರಲ್ಲಿ ಬಲಗಾಲು ಕಳೆದುಕೊಂಡ ಆತ, ಕ್ಯಾನ್ಸರ್ ಸಂಶೋಧನೆಗೆಂದು 1980ರ ಏಪ್ರಿಲ್ 12ರಂದು ಕೃತಕ ಕಾಲಿನಲ್ಲಿ ದೇಶದ ಪೂರ್ವ ತುದಿಯಿಂದ ಓಟ ಆರಂಭಿಸಿದ. ಪ್ರತಿಯೊಬ್ಬ ಕೆನಡಿಯನ್ನನಿಂದ ಒಂದೊಂದು ಡಾಲರ್ ಸಿಗಲಿ ಎಂಬುದು ಅವನ ಆಸೆಯಾಗಿತ್ತು. 143 ದಿನಗಳಲ್ಲಿ 5,373 ಕಿಲೋಮೀಟರ್ ಓಡಿದ ಮೇಲೆ ರೋಗ ಶ್ವಾಸಕೋಶಕ್ಕೆ ಹರಡಿ ಓಟ ನಿಂತಿತು. ಆದರೆ ಮರುವರ್ಷದ ಫೆಬ್ರುವರಿ ವೇಳೆಗೆ ಸಂಗ್ರಹ 2.4 ಕೋಟಿ ಡಾಲರ್ ಮುಟ್ಟಿ ದೇಶದ ಜನಸಂಖ್ಯೆಗೆ ಸರಿಸಮವಾಯಿತು. 1981ರ ಜೂನ್‌ನಲ್ಲಿ ಅವನು ತೀರಿಕೊಂಡಾಗ ವಯಸ್ಸು ಇನ್ನೂ 22. ಆ ಹಣ ಯಾವುದಕ್ಕೆಂಬ ಪ್ರಶ್ನೆ ಯಾರಲ್ಲೂ ಏಳಲಿಲ್ಲ. ಓಡುವವನೂ ಉದ್ದೇಶವೂ ಅಲ್ಲಿ ಒಂದೇ ಆಗಿದ್ದವು.

ಅದೇ 1981ರಲ್ಲಿ ಆರಂಭವಾದ ಲಂಡನ್ ಮ್ಯಾರಥಾನ್ ಕ್ರಮೇಣ ದೇಣಿಗೆ ಸಂಗ್ರಹದ ಬಹುದೊಡ್ಡ ವೇದಿಕೆಯಾಯಿತು. ನಮ್ಮಲ್ಲಿ 2004ರ ಮುಂಬೈ ಮ್ಯಾರಥಾನ್, 2008ರಲ್ಲಿ ಶುರುವಾದ ಬೆಂಗಳೂರಿನ 10ಕೆ ಓಟ ಇದೇ ಜಾಡು ಹಿಡಿದವು.

ಸಣ್ಣ ಊರುಗಳಿಗೆ ಬರುವಾಗ ಮಾತ್ರ ಈ ಪದ್ಧತಿಯ ಮುಖ್ಯ ಅಂಗವೇ ಕಳಚಿಬಿತ್ತೆಂದು ನನಗೆ ಅನಿಸುತ್ತದೆ. ಓಟಗಾರ ಪರಿಚಿತರ ಮನೆಬಾಗಿಲಿಗೆ ಹೋಗಿ ಕೇಳುವ ಬದಲು ತಾನೇ ಪ್ರವೇಶ ಶುಲ್ಕ ಕಟ್ಟುತ್ತಾನೆ. ಆ ಶುಲ್ಕದಲ್ಲೇ ಟೀ ಶರ್ಟ್, ಪದಕ, ತಿಂಡಿ, ಆಂಬುಲೆನ್ಸ್ ಎಲ್ಲವೂ ಕಳೆದು, ಉಳಿದದ್ದು ದೇಣಿಗೆಯಾಗುತ್ತದೆ. ಹೀಗೆ ಕಟ್ಟಿದ ಶುಲ್ಕವನ್ನು ದೇಣಿಗೆಯೆಂದು ಭಾವಿಸುವುದು ಸರಿಯಲ್ಲ. 1961ರ ಆದಾಯ ತೆರಿಗೆ ಕಾಯ್ದೆಯ 80ಜಿ ಕಲಮಿನ ವಿನಾಯಿತಿ ಇದ್ದದ್ದು ನೋಂದಾಯಿತ ಸಂಸ್ಥೆಗೆ ಕೊಟ್ಟ ದೇಣಿಗೆಗೆ. ಅದರಲ್ಲೂ 2017ರ ಏಪ್ರಿಲ್‌ನಿಂದ 2,000 ರೂಪಾಯಿ ಮೀರಿದ ನಗದಿಗೆ ಅದು ಸಿಗದಂತಾಯಿತು.

ಆಯೋಜಕರ ಪ್ರಾಮಾಣಿಕತೆಯನ್ನು ಶಂಕಿಸಲು ಈ ಮಾತು ಹೇಳುತ್ತಿಲ್ಲ. ಘಾಟಿ ರಸ್ತೆಯಲ್ಲಿ ಬೆಳಗಿನ ಮಂಜಿನೊಳಗೆ ಸ್ವಯಂಸೇವಕರನ್ನು ನಿಲ್ಲಿಸಿ ಓಟ ನಡೆಸುವುದು ಸುಲಭದ ಕೆಲಸವಲ್ಲ, ಅದಕ್ಕೆ ಖರ್ಚೂ ಇದೆ. ಶುಲ್ಕದಲ್ಲಿ ಎಷ್ಟು ಪಾಲು ಯಾವ ಶಾಲೆಗೆ, ಯಾವ ಆಸ್ಪತ್ರೆಗೆ ಎಂಬುದನ್ನು ನೋಂದಣಿಯ ದಿನವೇ ತಿಳಿಸಿ, ಓಟ ಮುಗಿದ ಮೇಲೆ ಜಮಾ-ಖರ್ಚಿನ ಪಟ್ಟಿಯನ್ನು, ಓಟಗಾರರು ಎದೆಗೆ ಧರಿಸುವ ಬಿಬ್ ಸಂಖ್ಯೆ ಕಳುಹಿಸಿದ ಅದೇ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದರೆ, ಮುಂದಿನ ವರ್ಷ ಓಟಗಾರರೇ ತೋಟದ ಮಾಲೀಕರ ಬಳಿಗೂ ಅಂಗಡಿಯವರ ಬಳಿಗೂ ಧೈರ್ಯವಾಗಿ ಹೋಗಿ ಕಿಲೋಮೀಟರಿಗೆ ಇಷ್ಟು ಎಂದು ಕೇಳಬಹುದು.