ಲಯನ್ ಫಿಶ್ ಇರುವ ಟ್ಯಾಂಕಿಗೆ ಟ್ರಿಗರ್ ಮೀನು ಬಿಡಬಹುದಾ?

ಪ್ರಶ್ನೆ: ನಮ್ಮ ಮನೆಯಲ್ಲಿ 4x2x2 ಅಡಿಯ ಉಪ್ಪುನೀರಿನ ಟ್ಯಾಂಕ್ ಇದೆ. ಸದ್ಯಕ್ಕೆ ಅದರಲ್ಲಿ ಇರುವುದು ಒಂದೇ ಒಂದು ವೊಲಿಟನ್ಸ್ ಲಯನ್ ಫಿಶ್, ಇನ್ನೂ ಮರಿ. ‘ಇದೂ ಜೋರು, ಟ್ರಿಗರ್ ಕೂಡ ಜೋರು, ಎರಡೂ ಹೊಂದಿಕೊಳ್ಳುತ್ತವೆ’ ಅಂತಾರೆ ಅಂಗಡಿಯವರು. ಬಿಡಬಹುದಾ?

ಉತ್ತರ: ಬೇಡ. ಹೀಗೆ ಜೋಡಿ ಹಾಕಿದರೆ ಸಾಮಾನ್ಯವಾಗಿ ಪೆಟ್ಟು ತಿನ್ನುವುದು ಲಯನ್.

ನೋಡಲು ಭಯಂಕರವಾಗಿದ್ದರೂ ಲಯನ್ ಜಗಳಗಂಟ ಮೀನಲ್ಲ. ಅದು ಬೇಟೆಗಾರ. ಬಾಯಿಗೆ ಹಿಡಿಸುವುದನ್ನು ನುಂಗುತ್ತದೆ, ಹಿಡಿಸದಿದ್ದರೆ ತನ್ನ ಪಾಡಿಗೆ ಇರುತ್ತದೆ. ಟ್ರಿಗರ್ ಸ್ವಭಾವವೇ ಬೇರೆ. ಹೆಚ್ಚಿನ ಟ್ರಿಗರ್‌ಗಳು ಸಮುದ್ರದಲ್ಲಿ ಏಡಿ, ಚಿಪ್ಪುಗಳನ್ನು ಒಡೆದು ತಿನ್ನುವಂಥವು. ಹಲ್ಲು, ದವಡೆ ಗಟ್ಟಿ. ಒಂದು ಜಾಗ ತನ್ನದು ಅನ್ನಿಸಿದರೆ ಸಾಕು, ತನಗಿಂತ ದೊಡ್ಡ ಮೀನಿಗೂ ಬಾಯಿ ಹಾಕುತ್ತದೆ. ಲಯನ್‌ನ ಉದ್ದನೆಯ ರೆಕ್ಕೆಗಳು ಕಣ್ಣೆದುರೇ ನಿಧಾನಕ್ಕೆ ಅಲ್ಲಾಡುತ್ತಿದ್ದರೆ ಸುಮ್ನೆ ಇರುತ್ತದಾ? ವಿಷದ ಮುಳ್ಳಿದೆಯಲ್ಲ ಎಂದು ನೀವು ಕೇಳಬಹುದು. ರೆಕ್ಕೆಯ ಅಂಚನ್ನು ಚೂರುಚೂರಾಗಿ ಕಚ್ಚುವವರ ಎದುರು ಆ ಮುಳ್ಳು ಜಾಸ್ತಿ ಕೆಲಸಕ್ಕೆ ಬರುವುದಿಲ್ಲ. ಪಫರ್ ಮೀನಿನದೂ ಇದೇ ಚಾಳಿ. ಊಟದ ಹೊತ್ತಿನಲ್ಲಿ ಇನ್ನೊಂದು ಕಷ್ಟ. ಲಯನ್ ಗುರಿ ಹಿಡಿದು ಬರುವಷ್ಟರಲ್ಲಿ ಟ್ರಿಗರ್ ಎಲ್ಲವನ್ನೂ ಮುಗಿಸಿರುತ್ತದೆ.

ಹಾಗಾದರೆ ಜೊತೆಗೆ ಯಾರು? ನನ್ನ ಮೊದಲ ಆಯ್ಕೆ ಫಾಕ್ಸ್‌ಫೇಸ್ ಮೀನು. ಹಳದಿ ಮೈ, ಸಾಧು ಸ್ವಭಾವ, ಅದರ ಮುಳ್ಳಿನಲ್ಲೂ ವಿಷ. ಮುಖ್ಯ ಆಹಾರ ಪಾಚಿ, ಹಾಗಾಗಿ ಊಟಕ್ಕೆ ಪೈಪೋಟಿ ಕಡಿಮೆ. ಆದರೆ ತರುವಾಗಲೇ ದೊಡ್ಡದನ್ನು ತನ್ನಿ. ಲಯನ್ ತನ್ನ ಅರ್ಧ ಉದ್ದದ ಮೀನನ್ನೂ ನುಂಗಬಲ್ಲದು. ನಿಮ್ಮ ಮರಿ ಮುಂದೆ ಒಂದಡಿ ದಾಟುತ್ತದೆ, ಅದೂ ಬೇಗನೆ. ಇವತ್ತು ಬಾಯಿಗೆ ಹಿಡಿಸದ ಮೀನು ಆರು ತಿಂಗಳ ನಂತರ ಹಿಡಿಸಬಹುದು.

ಇನ್ನೊಂದು ಸ್ನೋಫ್ಲೇಕ್ ಈಲ್, ಹಾವಿನಂತೆ ಉದ್ದನೆಯ ಮೀನು. ಅದರ ಹಲ್ಲು ಮೊಂಡು, ಏಡಿ–ಸಿಗಡಿ ಜಗಿಯಲು ಇರುವಂಥದ್ದು, ದೊಡ್ಡ ಮೀನುಗಳ ತಂಟೆಗೆ ಹೋಗುವುದು ಅಪರೂಪ. ಮುಚ್ಚಳ ಮಾತ್ರ ಬಿಗಿಯಾಗಿರಲಿ, ಬೆರಳಷ್ಟು ಸಂದಿ ಸಿಕ್ಕರೂ ಹೊರಗೆ ಬಂದುಬಿಡುತ್ತದೆ. ನಿಮ್ಮದು ಸುಮಾರು 450 ಲೀಟರ್. ಈ ಮೂರಕ್ಕೇ ನಿಲ್ಲಿಸಿ, ಜೊತೆಗೆ ಒಳ್ಳೆಯ ಸ್ಕಿಮ್ಮರ್ (ನೀರಿನ ಕೊಳೆಯನ್ನು ನೊರೆಯಾಗಿ ತೆಗೆಯುವ ಉಪಕರಣ) ಹಾಕಿ. ಇವು ತಿನ್ನುವುದೂ ಜಾಸ್ತಿ, ನೀರು ಕೆಡಿಸುವುದೂ ಜಾಸ್ತಿ.

ಕ್ಲೌನ್ ಮೀನು, ಕ್ಲೀನರ್ ಸಿಗಡಿ ಬೇಡ, ಲಯನ್‌ಗೆ ತಿಂಡಿಯಾಗುತ್ತವೆ. ಡ್ಯಾಮ್ಸೆಲ್ ಕೂಡ ಬೇಡ. ಅಗ್ಗ ಅಂತ ಮೊದಲು ತಂದು ಬಿಡುತ್ತಾರೆ. ನಿಜವಾದ ಜಗಳಗಂಟಿ ಅದೇ! ಎರಡಿಂಚಿನ ಮೀನು ಇಡೀ ಟ್ಯಾಂಕಿಗೆ ಯಜಮಾನಿಕೆ ನಡೆಸುತ್ತದೆ. ಒಂದು ರಾತ್ರಿ ಲಯನ್ ಬಾಯಿಗೂ ಹೋಗುತ್ತದೆ.

ಟ್ರಿಗರ್ ಬೇಕೇ ಬೇಕು ಅಂದರೆ ಅದಕ್ಕೆ ಬೇರೆ ಟ್ಯಾಂಕ್, ಆರಡಿಯದಾದರೆ ಒಳ್ಳೆಯದು. ಇದ್ದುದರಲ್ಲಿ ಮೆತ್ತಗಿನದು ನೈಜರ್, ಅದು ಹೆಚ್ಚಾಗಿ ತಿನ್ನುವುದು ತೇಲಿ ಬರುವ ಪ್ಲಾಂಕ್ಟನ್ ಎಂಬ ಸಣ್ಣ ಜೀವಿಗಳನ್ನು. ಅಂಡ್ಯುಲೇಟ್ ಟ್ರಿಗರ್ ಚೆಂದವೇನೋ ಹೌದು, ಆದರೆ ಒಂಟಿಯಾಗಿ ಸಾಕುವುದೇ ವಾಸಿ. ಯಾವ ಟ್ರಿಗರ್ ಆದರೂ ಉಳಿದ ಮೀನುಗಳೆಲ್ಲ ನೆಲೆಯೂರಿದ ಮೇಲೆ, ಕೊನೆಗೆ ಬಿಡಿ. ಬಿಡುವ ದಿನ ಕಲ್ಲುಗಳ ಜಾಗ ಬದಲಿಸಿ, ಲೈಟ್ ಆರಿಸಿ. ಹಳಬರು ಹಿಡಿದಿಟ್ಟುಕೊಂಡ ಗಡಿಗಳು ಆಗ ಕಲಸಿಹೋಗುತ್ತವೆ.

ಲಯನ್‌ಗೆ ಜೀವಂತ ಗೋಲ್ಡ್‌ಫಿಶ್ ಹಾಕುವ ಅಭ್ಯಾಸ ಇದ್ದರೆ ಬಿಟ್ಟುಬಿಡಿ. ಅದರಲ್ಲಿರುವ ಥಯಾಮಿನೇಸ್ ಎಂಬ ಅಂಶ ಬಿ1 ವಿಟಮಿನ್ ಅನ್ನು ಹಾಳುಮಾಡುತ್ತದೆ. ಬೊಂಡಾಸ್ (ಸ್ಕ್ವಿಡ್), ಸಮುದ್ರದ ಮೀನಿನ ತುಂಡುಗಳನ್ನು ಉದ್ದ ಕಡ್ಡಿಗೆ ಸಿಕ್ಕಿಸಿ, ಅಲ್ಲಾಡಿಸಿ ತೋರಿಸಿ. ನಿಧಾನಕ್ಕೆ ರೂಢಿಯಾಗುತ್ತದೆ.

ಟ್ಯಾಂಕಿಗೆ ಕೈ ಹಾಕುವ ಮುಂಚೆ ಲಯನ್ ಎಲ್ಲಿದೆ ಅಂತ ನೋಡಿಕೊಳ್ಳಿ. ಅಕಸ್ಮಾತ್ ಮುಳ್ಳು ಚುಚ್ಚಿದರೆ ತಡೆದುಕೊಳ್ಳುವಷ್ಟು ಬಿಸಿ ನೀರಿನಲ್ಲಿ, 45 ಡಿಗ್ರಿ ದಾಟದಂತೆ, ಕೈ ಮುಳುಗಿಸಿಡಿ. ನೋವು ತಗ್ಗುತ್ತದೆ. ತಗ್ಗಿದರೂ ಡಾಕ್ಟರ್ ಹತ್ತಿರ ಹೋಗಿ.