ಒಮೆಗಾ ಸೆಂಟಾರಿ ಇಷ್ಟು ದೊಡ್ಡದಾಗಿದ್ದು ಹೇಗೆ?

ಲಕ್ಷಗಟ್ಟಲೆ ಹಳೇ ನಕ್ಷತ್ರಗಳು ತಮ್ಮದೇ ಗುರುತ್ವದಲ್ಲಿ ಒಟ್ಟಾಗಿ ನಿಂತಿರುವ ಗುಂಪೇ ಗೋಳಗುಚ್ಛ. ನಮ್ಮ ಕ್ಷೀರಪಥದಲ್ಲಿ ಇಂಥವು 150ಕ್ಕಿಂತ ಜಾಸ್ತಿ ಇವೆ. ಸಾಮಾನ್ಯವಾಗಿ ಒಂದೊಂದರ ದ್ರವ್ಯರಾಶಿ ಕೆಲವು ಲಕ್ಷ ಸೂರ್ಯರಷ್ಟು. ಇವುಗಳಲ್ಲೇ ಒಂದಾದ ಒಮೆಗಾ ಸೆಂಟಾರಿಯದು ಸುಮಾರು 40 ಲಕ್ಷ ಸೂರ್ಯರಷ್ಟು! ಏಪ್ರಿಲ್-ಮೇ ರಾತ್ರಿಗಳಲ್ಲಿ ಕರ್ನಾಟಕದಿಂದಲೂ ದಕ್ಷಿಣ ದಿಕ್ಕಿನಲ್ಲಿ ಕಾಣುತ್ತದೆ, ಕತ್ತಲಿರುವ ಜಾಗದಲ್ಲಿ ಬರಿಗಣ್ಣು ಸಾಕು.

ಇದರ ಹುಟ್ಟಿನ ಸುಳಿವು ಇರೋದು ಕಬ್ಬಿಣದಲ್ಲಿ. ಸಾಮಾನ್ಯ ಗುಚ್ಛದಲ್ಲಿ ಅನಿಲದ ಮೋಡ ಕುಸಿದು ಹೆಚ್ಚುಕಮ್ಮಿ ಒಂದೇ ಸಲಕ್ಕೆ ನಕ್ಷತ್ರಗಳು ಹುಟ್ಟುತ್ತವೆ. ಅವುಗಳಲ್ಲಿ ಭಾರಿ ನಕ್ಷತ್ರಗಳು ಬೇಗ ಸೂಪರ್‌ನೋವಾ ಆಗಿ ಸಿಡಿಯುತ್ತವೆ. ಸಿಡಿದಾಗ ಹೊಸ ಕಬ್ಬಿಣ ಹೊರಬರುತ್ತದೆ ನಿಜ, ಆದರೆ ಅದೇ ಸಿಡಿತ ಉಳಿದ ಅನಿಲವನ್ನೂ ಆಚೆ ತಳ್ಳಿಬಿಡುತ್ತದೆ, ಅದನ್ನು ಹಿಡಿದಿಡೋಕೆ ಗುಚ್ಛದ ಸೆಳೆತ ಸಾಲದು. ಹಾಗಾಗಿ ಎಲ್ಲ ನಕ್ಷತ್ರಗಳಲ್ಲೂ ಕಬ್ಬಿಣ ಹೆಚ್ಚುಕಮ್ಮಿ ಒಂದೇ ಪ್ರಮಾಣ.

ಒಮೆಗಾ ಸೆಂಟಾರಿಯಲ್ಲಿ ಮಾತ್ರ ಕಬ್ಬಿಣ ಒಂದು ನಕ್ಷತ್ರದಿಂದ ಇನ್ನೊಂದಕ್ಕೆ ಹತ್ತು ಪಟ್ಟಿಗಿಂತ ಜಾಸ್ತಿ ಬದಲಾಗುತ್ತದೆ. ಇಲ್ಲಿ ಸ್ವಲ್ಪ ಹುಷಾರಾಗಿರಿ: ಸೋಡಿಯಂ, ಆಕ್ಸಿಜನ್‌ನಂಥ ಹಗುರ ಧಾತುಗಳ ವ್ಯತ್ಯಾಸ ಬಹುತೇಕ ಎಲ್ಲ ಗೋಳಗುಚ್ಛಗಳಲ್ಲೂ ಇದೆ, ಅದನ್ನೇ ಒಮೆಗಾ ಸೆಂಟಾರಿ ಬೇರೆ ಥರ ಹುಟ್ಟಿತು ಅನ್ನೋದಕ್ಕೆ ಪುರಾವೆ ಅಂದುಕೊಳ್ಳಬೇಡಿ. ಕಬ್ಬಿಣದ ವ್ಯತ್ಯಾಸವೇ ಅಪರೂಪದ್ದು. ಸಿಡಿದ ಅನಿಲ ಓಡಿಹೋಗದೆ ಉಳಿದು, ಅದರಿಂದ ಮತ್ತೆ ಮತ್ತೆ ನಕ್ಷತ್ರ ಹುಟ್ಟಬೇಕಾದರೆ ಸುತ್ತ ಇನ್ನೂ ದೊಡ್ಡದೇನೋ ಇದ್ದಿರಬೇಕು ಅಲ್ವಾ?

ಅದು ಒಂದು ಕುಬ್ಜ ಗ್ಯಾಲಕ್ಸಿ ಅನ್ನೋದು ಈಗ ಹೆಚ್ಚಿನವರು ಒಪ್ಪುವ ವಿವರಣೆ. ಕ್ಷೀರಪಥ ಅದನ್ನು ಎಳೆದುಕೊಂಡು ಹೊರಗಿನ ನಕ್ಷತ್ರಗಳನ್ನೆಲ್ಲ ಕಿತ್ತುಕೊಂಡಿತು, ಗಟ್ಟಿಯಾಗಿದ್ದ ನಡುಭಾಗ ಮಾವಿನ ಓಟೆಯಂತೆ ಉಳಿಯಿತು. ಗುಚ್ಛ ಕ್ಷೀರಪಥ ತಿರುಗುವ ದಿಕ್ಕಿಗೆ ವಿರುದ್ಧವಾಗಿ ಸುತ್ತುತ್ತಿರೋದು ಇದಕ್ಕೆ ಹೊಂದುತ್ತದೆ. 2019ರಲ್ಲಿ ಗಾಯಾ ಉಪಗ್ರಹದ ಮಾಹಿತಿಯಲ್ಲಿ, ಇದರಿಂದ ಕಳಚಿಕೊಂಡ ನಕ್ಷತ್ರಗಳ ಸಾಲೂ ಸಿಕ್ಕಿತು. ಇದೇ ಕೆಲಸ ಈಗಲೂ ನಡೆಯುತ್ತಿದೆ: ಧನು ಕುಬ್ಜ ಗ್ಯಾಲಕ್ಸಿ ಹರಿದುಹೋಗುತ್ತಿದೆ, ಅದರ ನಡುವೆ ಎಂ54 ಅನ್ನೋ ದೊಡ್ಡ ಗುಚ್ಛ ಕೂತಿದೆ.

ಗುಚ್ಛಗಳು ಒಂದಕ್ಕೊಂದು ಸೇರಿಯೂ ದೊಡ್ಡದಾಗಬಹುದು. ಆದರೆ ಈಗ ಕ್ಷೀರಪಥದ ಹೊರವಲಯದಲ್ಲಿ ಅವು ತುಂಬಾ ವೇಗವಾಗಿ ಸಾಗುತ್ತವೆ, ಎದುರಾದರೂ ಅಂಟಿಕೊಳ್ಳದೆ ದಾಟಿಹೋಗುತ್ತವೆ. ಸೇರಿಕೆಗೆ ವೇಗ ಕಡಿಮೆ ಇರುವ ಕುಬ್ಜ ಗ್ಯಾಲಕ್ಸಿಯೇ ವಾಸಿ, ಅಂದರೆ ಈ ದಾರಿಯೂ ಅಲ್ಲಿಗೇ ಬರುತ್ತದೆ.

2024ರಲ್ಲಿ ಈ ಕುಬ್ಜ ಗ್ಯಾಲಕ್ಸಿ ವಿವರಣೆಗೆ ಹೊಂದುವ ಇನ್ನೊಂದು ವಿಷಯ ಸೇರಿತು. ಹಬಲ್ ದೂರದರ್ಶಕ 20 ವರ್ಷ ತೆಗೆದ 500ಕ್ಕೂ ಹೆಚ್ಚು ಚಿತ್ರಗಳನ್ನು ಖಗೋಳಜ್ಞರ ಒಂದು ತಂಡ ಹೋಲಿಸಿದಾಗ, ನಟ್ಟನಡುವೆ ಏಳು ನಕ್ಷತ್ರಗಳು ಗುಚ್ಛವನ್ನೇ ಬಿಟ್ಟು ಹಾರಿಹೋಗುವಷ್ಟು ವೇಗದಲ್ಲಿ ಓಡುತ್ತಿರೋದು ಕಂಡಿತು. ಆದರೂ ಅವು ಅಲ್ಲೇ ಇವೆ. ಅವನ್ನು ಹಿಡಿದಿರೋದು ಕನಿಷ್ಠ 8,200 ಸೂರ್ಯರಷ್ಟು ರಾಶಿಯ ಕಪ್ಪುಕುಳಿ ಇರಬೇಕು ಅನ್ನೋದು ಆ ತಂಡದ ಲೆಕ್ಕ.