‘ಹೈ ರಿಸ್ಕ್’ ಅಂದರೆ ಇದೆ ಅಂತಲ್ಲ

ಗರ್ಭಿಣಿಯರಿಗೆ ಡೌನ್ ಸಿಂಡ್ರೋಮ್ ಸ್ಕ್ರೀನಿಂಗ್ ರಿಪೋರ್ಟ್ ಕೈಗೆ ಬಂದ ಕೂಡಲೇ ಕಣ್ಣು ಹೋಗುವುದು ‘ಹೈ ರಿಸ್ಕ್’ ಎಂಬ ದಪ್ಪ ಅಕ್ಷರಗಳ ಮೇಲೆ. ಪಕ್ಕದಲ್ಲೇ ಇರುವ ‘1:180’ ಯಾರಿಗೂ ಕಾಣಿಸುವುದಿಲ್ಲ. ನಾನು ಮೊದಲು ಬೆರಳಿಡುವುದು ಅಲ್ಲಿಗೇ. ಇಂಥದೇ ಫಲಿತಾಂಶ ಬಂದ 180 ಗರ್ಭಿಣಿಯರನ್ನು ಸಾಲಾಗಿ ಕೂರಿಸಿದರೆ, 179 ಮಂದಿಯ ಮಗುವಿಗೆ ಡೌನ್ ಸಿಂಡ್ರೋಮ್ ಇರುವುದಿಲ್ಲ. ಇಷ್ಟು ಹೇಳಿದ ಮೇಲೇ ಅವರಿಗೆ ನನ್ನ ಮುಂದಿನ ಮಾತು ಕೇಳಿಸುವುದು.

ಜೀವಕೋಶದಲ್ಲಿ ವಂಶವಾಹಿಗಳನ್ನು ಹೊತ್ತ, ಜೊತೆಯಾಗಿರಬೇಕಾದ ಕ್ರೋಮೋಸೋಮ್ ಮೂರಾಗಿದ್ದರೆ ಅದು ಟ್ರೈಸೋಮಿ. 21ನೆಯದಾದರೆ ಡೌನ್, 18ನೆಯದಾದರೆ ಎಡ್ವರ್ಡ್ಸ್, 13ನೆಯದಾದರೆ ಪಟಾವ್ ಸಿಂಡ್ರೋಮ್. ಬಹುತೇಕ ಸಲ ಅಂಡಾಣು ರೂಪುಗೊಳ್ಳುವಾಗ ಜೊತೆ ಬೇರ್ಪಡದೆ ಉಳಿದಿರುತ್ತದೆ, ಅಷ್ಟೇ. ತಾಯಿ ತಿಂದದ್ದು, ಎತ್ತಿದ ಭಾರ, ಪಟ್ಟ ಚಿಂತೆ ಯಾವುದೂ ಕಾರಣವಲ್ಲ. (ಅತ್ತೆ ಜೊತೆಗೆ ಬಂದಿದ್ದರೆ ಈ ವಾಕ್ಯವನ್ನು ಎರಡು ಸಲ ಹೇಳುತ್ತೇನೆ.) ತಾಯಿಯ ವಯಸ್ಸಿನೊಂದಿಗೆ ಡೌನ್‌ನ ಸಾಧ್ಯತೆ ಏರುವುದು ನಿಜ: 35ರಲ್ಲಿ ಸುಮಾರು 350ಕ್ಕೆ ಒಂದು, 40ರಲ್ಲಿ 100ಕ್ಕೆ ಒಂದು.

11ರಿಂದ 14 ವಾರದೊಳಗಿನ ಸ್ಕ್ಯಾನ್‌ನಲ್ಲಿ ಮಗುವಿನ ಕತ್ತಿನ ಹಿಂದೆ ತೆಳ್ಳಗಿನ ಕಪ್ಪು ಗೆರೆ ಕಾಣುತ್ತದೆ. ಅಲ್ಲಿ ನಿಂತ ದ್ರವದ ದಪ್ಪವೇ ಎನ್‌ಟಿ. ಅಳೆಯುವುದು ಮಿಲಿಮೀಟರಿನ ಹತ್ತನೇ ಭಾಗದಲ್ಲಿ. ಮಗು ಅಡ್ಡ ತಿರುಗಿದ್ದರೆ ತಾಯಿಯನ್ನು ಕೆಮ್ಮಿಸಿ, ಒಂದು ಸುತ್ತು ನಡೆಸಿ, ಮತ್ತೆ ಮಲಗಿಸುತ್ತೇವೆ. ಇದರ ಜೊತೆಗೆ ಡಬಲ್ ಮಾರ್ಕರ್ ರಕ್ತಪರೀಕ್ಷೆ ಸೇರಿದರೆ ನೂರು ಡೌನ್ ಗರ್ಭಗಳಲ್ಲಿ ಸುಮಾರು 90 ಸಿಗುತ್ತವೆ. ಆದರೆ ತೊಂದರೆಯೇ ಇಲ್ಲದ ನೂರರಲ್ಲಿ ಐವರಿಗೂ ಗಾಬರಿಯ ಚೀಟಿ ಹೋಗುತ್ತದೆ.

ನನಗೆ ಸಿಟ್ಟು ಬರಿಸುವುದು, ತಾಯಿಯ ರಕ್ತದಲ್ಲಿರುವ ಗರ್ಭದ ಡಿಎನ್‌ಎ ತುಣುಕುಗಳನ್ನು ನೋಡುವ ಎನ್‌ಐಪಿಟಿ ಪರೀಕ್ಷೆಯ ‘ಶೇ 99 ನಿಖರ’ ಎಂಬ ಜಾಹೀರಾತು. ಪರೀಕ್ಷೆ ಚೆನ್ನಾಗಿದೆ, ತಕರಾರಿಲ್ಲ. ಲೆಕ್ಕ ಹಾಕೋಣ: ಎಳೆಯ ವಯಸ್ಸಿನ 10,000 ತಾಯಂದಿರಲ್ಲಿ ಹತ್ತು ಮಕ್ಕಳಿಗೆ ಡೌನ್ ಇದೆ ಎನ್ನಿ. ಪರೀಕ್ಷೆ ಆ ಹತ್ತನ್ನೂ ಹಿಡಿಯುತ್ತದೆ. ಸಾವಿರಕ್ಕೆ ಒಂದರಂತೆ ತಪ್ಪಿದರೂ ಇನ್ನು ಹತ್ತು ಮಂದಿ ಅದೇ ಪಟ್ಟಿಗೆ ಸೇರುತ್ತಾರೆ. ಅಲ್ಲಿಗೆ ‘ಪಾಸಿಟಿವ್’ ಬಂದವರಲ್ಲಿ ಅರ್ಧದಷ್ಟು ಮಂದಿಗೆ ಸುಳ್ಳು ಗಾಬರಿ. 40 ವಯಸ್ಸಿನ 10,000 ತಾಯಂದಿರಲ್ಲಿ ನಿಜವಾದ ಕೇಸುಗಳೇ ನೂರರ ಹತ್ತಿರ, ಹಾಗಾಗಿ ಅದೇ ಫಲಿತಾಂಶಕ್ಕೆ ತೂಕ ಹೆಚ್ಚು. ಇನ್ನೊಂದು ವಿಷಯ: ತಾಯಿಯ ರಕ್ತದಲ್ಲಿ ಸಿಗುವ ಆ ಡಿಎನ್‌ಎ ಬರುವುದು ಮಾಸಿನಿಂದ. ಮಾಸಿನಲ್ಲಿ ಮಾತ್ರ ಹೆಚ್ಚುವರಿ ಕ್ರೋಮೋಸೋಮ್ ಇದ್ದು ಮಗುವಿನಲ್ಲಿ ಇಲ್ಲದಿರುವುದೂ ಉಂಟು. ಆದ್ದರಿಂದ ಎನ್‌ಐಪಿಟಿ ಒಂದನ್ನೇ ನಂಬಿ ಗರ್ಭ ತೆಗೆಸಲು ನಾನು ಒಪ್ಪುವುದಿಲ್ಲ. 15 ವಾರದ ನಂತರ ಆಮ್ನಿಯೋಸೆಂಟಿಸಿಸ್ (ಮಗುವಿನ ಸುತ್ತಲಿನ ನೀರನ್ನು ಸೂಜಿಯಿಂದ ಸ್ವಲ್ಪ ತೆಗೆದು ನೋಡುವ ಪರೀಕ್ಷೆ) ಮಾಡಿದರೆ ಉತ್ತರ ಖಚಿತ. ಅದರಿಂದ ಗರ್ಭಪಾತವಾಗುವ ಸಾಧ್ಯತೆ ನೂರಕ್ಕೆ ಒಂದಕ್ಕಿಂತ ಕಡಿಮೆ.

ಇದೆ ಎಂದು ಖಚಿತವಾದರೆ? ಮೂರೂ ಸಿಂಡ್ರೋಮ್‌ಗಳನ್ನು ಒಂದೇ ಉಸಿರಿನಲ್ಲಿ ಹೇಳುವುದು ತಪ್ಪು. ಡೌನ್ ಇರುವ ಮಕ್ಕಳಲ್ಲಿ ಅರ್ಧದಷ್ಟು ಮಂದಿಗೆ ಹೃದಯದ ದೋಷವಿರುತ್ತದೆ, ಆದರೆ ಬಹಳಷ್ಟನ್ನು ಶಸ್ತ್ರಚಿಕಿತ್ಸೆಯಿಂದ ಸರಿಪಡಿಸಬಹುದು. ಒಳ್ಳೆಯ ವೈದ್ಯಕೀಯ ಆರೈಕೆ ಸಿಗುವಲ್ಲಿ ಅವರ ಸರಾಸರಿ ಆಯಸ್ಸು 60ರ ಆಸುಪಾಸು. ಟ್ರೈಸೋಮಿ 18 ಮತ್ತು 13ರಲ್ಲಿ ಹೆಚ್ಚಿನವು ಗರ್ಭದಲ್ಲೇ ಹೋಗುತ್ತವೆ. ಜೀವಂತ ಹುಟ್ಟಿದವರಲ್ಲಿ ಮೊದಲ ಹುಟ್ಟುಹಬ್ಬ ಕಾಣುವವರು ಸುಮಾರು ಹತ್ತಕ್ಕೆ ಒಬ್ಬರು.

‘ನಮಗೆ ಗೊತ್ತಾಗುವುದೇ ಬೇಡ, ಡಾಕ್ಟ್ರೇ’ ಎಂದು ಪರೀಕ್ಷೆಗೇ ಒಪ್ಪದವರೂ ಬರುತ್ತಾರೆ. ಅದನ್ನೂ ಫೈಲಿನಲ್ಲಿ ಬರೆದುಕೊಂಡು, ಮುಂದಿನ ಭೇಟಿಯ ದಿನ ಹೇಳಿ ಕಳಿಸುತ್ತೇನೆ.